ಬೆಟ್ಟದ ಗೇಟಿಗೆ ದುಂಡಯ್ಯ

ಕೂತ್ಕೊಳ್ಳಿ, ದುಂಡಯ್ಯನ ಸುದ್ದಿ ಹೇಳ್ತೀನಿ. ಹಾಲುಗುಡ್ಡದ ಬುಡದ ಊರಿನ ಚಿಕ್ಕತಾಯಮ್ಮನಿಗೆ ಅವನೊಬ್ಬನೇ ಮಗ. ಆಳು ಆರಡಿ, ಬುದ್ಧಿ ಅರ್ಧ ಅಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ತಾಪತ್ರಯ! "ನಿನ್ನ ಕಟ್ಕಂಡು ಹೆಂಗ್ಲಾ ಬಾಳಾಟ ಮಾಡ್ಲಿ?" ಅಂತ ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ಚಾರಣದ ಸೀಜನ್ನಿಗೆ ಬೆಟ್ಟದ ಗೇಟಿಗೆ ನಾಲ್ಕು ತಿಂಗಳ ಕಾವಲುಗಾರ ಬೇಕು ಅಂದರು ಅರಣ್ಯದವರು. ಬಂದವರನ್ನೆಲ್ಲ ಬೆಟ್ಟ ಹತ್ತಿಸಿ ನೋಡಿದರು; ದುಂಡಯ್ಯ ಎಲ್ಲರಿಗಿಂತ ಮೊದಲು ಹತ್ತಿ ಇಳಿದ. ಕೆಲಸ ಸಿಕ್ಕಿತು! ಸರಿಯಾಗಿ ಮಾಡಿದರೆ ಮುಂದಿನ ವರ್ಷವೂ ಕರೆಯುತ್ತಾರಂತೆ. ಖಾಕಿ ಅಂಗಿ ತೊಟ್ಟ ಮಗನನ್ನು ಕಂಡು ಚಿಕ್ಕತಾಯಮ್ಮ ಊರೆಲ್ಲ ಹೇಳಿಕೊಂಡು ಬಂದಳು.

"ಹತ್ತೋರ ಚೀಲದಲ್ಲಿ ಏನೇನಿದೆ ಬರ್ಕೋ. ಬೆಟ್ಟದಲ್ಲಿ ಕಸ ಬೀಳಬಾರದು, ತಗೊಂಡು ಹೋಗಿದ್ದೆಲ್ಲ ವಾಪಸ್ ಬರಬೇಕು!" ಅಂದರು ಫಾರೆಸ್ಟರ್ ಶಿವನಂಜಪ್ಪ.

ಸಂಜೆ ಒಂದು ತಂಡ ಇಳಿಯಿತು. ಬಾಟಲಿ ಬಂತು, ಕವರು ಬಂತು. ದುಂಡಯ್ಯ ಪಟ್ಟಿ ನೋಡಿದ.

"ಇಪ್ಪತ್ತು ಇಡ್ಲಿ ಎಲ್ಲಿ?"

"ತಿಂದ್ವಿ ಕಣಪ್ಪ!"

"ಹಂಗಂದ್ರೆ ಆಯ್ತದಾ? ಇಡ್ಲಿ ತನ್ನಿ, ಗೇಟು ತೆಗಿತೀನಿ!"

ಶಿವನಂಜಪ್ಪ ಓಡಿಬಂದರು. "ಅಯ್ಯೋ ಪೆದ್ದೇ! ತಿಂದದ್ದನ್ನ ಕೇಳ್ತಾರೇನೋ? ತಿಂಡಿ ಬಿಡು, ತಲೆ ಎಣಿಸು! ಎಷ್ಟು ಜನ ಹತ್ತಿದರೋ ಅಷ್ಟೇ ಜನ ಇಳೀಬೇಕು!"

ಅವ್ವನೂ ಮನೆಯಲ್ಲಿ ಬೈದಳು. ಪಕ್ಕದ ಮನೆಯವಳ ಹತ್ತಿರ ಮಾತ್ರ, "ಒಂದು ಇಡ್ಲೀನೂ ಬುಡಕ್ಕಿಲ್ಲ ನನ್ ಮಗ!" ಅಂದಳು.

ಮಾರನೆಯ ದಿನ ಆರು ಜನ ಹತ್ತಿದರು, ಎಂಟು ಜನ ಇಳಿದರು. ಗುಡ್ಡದ ಆಚೆ ಮಗ್ಗುಲಿಂದ ಹತ್ತಿದ್ದ ಗಂಡ ಹೆಂಡತಿ ಜೊತೆಗೂಡಿದ್ದರು.

"ಇಬ್ರು ಜಾಸ್ತಿ ಅವ್ರೆ! ಯಾರಾದ್ರೂ ಇಬ್ರು ವಾಪಸ್ ಹತ್ತಿ!"

ಹತ್ತಿಸಿಯೇ ಬಿಟ್ಟ! ಶಿವನಂಜಪ್ಪ ತಲೆ ತಲೆ ಚಚ್ಚಿಕೊಂಡರು. "ಇಳಿಯೋರ ಗೊಡವೆ ನಿನಗೆ ಬೇಡ! ಪೇಟೆ ಆಫೀಸಲ್ಲಿ ಹತ್ತೋರಿಗೆ ದಿನದ ಚೀಟಿ ಕೊಡ್ತಾರೆ, ಅದನ್ನ ನೋಡು. ಚೀಟಿ ಇಲ್ಲದಿದ್ರೆ ಯಾರನ್ನೂ ಒಳಗೆ ಬಿಡಬೇಡ!"

"ಯಾರ್ನೂ ಅಂದ್ರೆ ಯಾರ್ನೂ ಕನ್ಲಾ," ಅಂದಳು ಅವ್ವ. "ಮುಲಾಜು ಬ್ಯಾಡ!"

ಸೀಜನ್ನಿನ ಕೊನೆಯ ವಾರ. ಮುಂದಿನ ವರ್ಷಕ್ಕೆ ಆಳು ಆರಿಸಲು ದೊಡ್ಡ ಸಾಹೇಬರೇ ಬಂದರು. ಚಿಕ್ಕತಾಯಮ್ಮ ಹೊಸ ಸೀರೆ ಉಟ್ಟು ಟೀ ಅಂಗಡಿ ಮುಂದೆ ನಿಂತಳು. ದುಂಡಯ್ಯ ಸೆಲ್ಯೂಟ್ ಹೊಡೆದು ಸಾಹೇಬರು, ಶಿವನಂಜಪ್ಪ ಸೇರಿ ಎಲ್ಲರ ಚೀಟಿ ನೋಡಿ ಒಳಗೆ ಬಿಟ್ಟ. ಒಂದು ತಪ್ಪಿಲ್ಲ!

"ಭೇಷ್! ಬಾರಪ್ಪ, ಮುಂದೆ ನಡೆದು ದಾರಿ ತೋರಿಸು," ಅಂದರು ಸಾಹೇಬರು.

"ನನ್ತಾವ ಚೀಟಿ ಇಲ್ಲ ಸಾ!"

"ನೀನು ಕಾವಲುಗಾರ ಕಣೋ!"

"ಅದ್ಕೇ ಸಾ, ನನ್ನ ಬುಡಕ್ಕಿಲ್ಲ ನಾನು!"

ಹೊರಗಿನಿಂದಲೇ ಗೇಟಿಗೆ ಬೀಗ ಜಡಿದ. ಸಾಹೇಬರು, ಶಿವನಂಜಪ್ಪ ಎಲ್ಲ ಒಳಗೆ, ಆಚೀಚೆ ಮುಳ್ಳುತಂತಿ. ದುಂಡಯ್ಯ ಬಸ್ಸು ಹತ್ತಿ ಚೀಟಿ ತರಲು ಪೇಟೆಗೆ ಹೋದ! ಮರಳಿದ್ದು ಹೊತ್ತು ಇಳಿದ ಮೇಲೆ.

"ತೆಗೆಯೋ ಗೇಟು!" ಅಂದರು ಸಾಹೇಬರು, ಕೂಗಿ ಕೂಗಿ ಗಂಟಲು ಒಡೆದಿತ್ತು.

"ಇವತ್ತಿನ ಚೀಟಿ ಮುಗಿದಿತ್ತು ಸಾ, ನಾಳೇದು ಕೊಟ್ರು. ಈಗ ತೆಗೆದ್ರೆ ನಾನೇ ಒಳಕ್ಕೆ ನುಗ್ಗಿಬುಟ್ರೆ?"

"ಬೀಗದ ಕೈ ನಂಗಾರ ಕೊಡ್ಲಾ!" ಅಂದಳು ಅವ್ವ.

"ನಿನ್ತಾವೂ ಚೀಟಿ ಇಲ್ವಲ್ಲವ್ವಾ!"

"ಮುಂದಿನ ವರ್ಷ ಈ ಕಡೆ ತಲೆ ಹಾಕಬೇಡ!" ಅಂತ ಸಾಹೇಬರು ಕೂಗಿದರು.

ಚಿಕ್ಕತಾಯಮ್ಮನಿಗೆ ಅಳು ಬಂತು. ಆದರೂ ನೆರೆದ ಜನರ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು.

"ಕೆಲ್ಸ ಹೋದ್ರೆ ಹೋಯ್ತು! ತನ್ನನ್ನೇ ಒಳಕ್ಕೆ ಬುಡದ ಕಾವಲುಗಾರನ್ನ ನೋಡಿದ್ದೀರಾ ಎಲ್ಲಾದ್ರೂ?"