ಸಮುದ್ರದ ಗಡಿಯಾರ, ಊರ ಬಾವಿ

"ಅಜ್ಜಾರ, ಈ ಎರಡರಾಗ ಯಾವ್ದು ತಗೋಳ್ಲಿ?"

ಕೇಳಿದವನು ಚಂಬಣ್ಣ. ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡವನು. ಪ್ರತಿ ಸೋಮವಾರ ಮಠಕ್ಕೆ ಬಂದು ದಾಸೋಹದ ಕೊಪ್ಪರಿಗೆ ತಿಕ್ಕುವುದು ಅವನು ತಾನಾಗಿ ಹಿಡಿದ ಸೇವೆ. ಅಜ್ಜಾರು ಎಂದರೆ ಆ ಮಠದ ಗುರುಗಳು. ಊರವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅವತ್ತು ಊಟದ ಪಂಕ್ತಿ ಆಗಲೇ ಎದ್ದಿತ್ತು. ಸಾರಿನ ಕೊಪ್ಪರಿಗೆ ಹಿತ್ತಲಲ್ಲಿ ನೀರು ತುಂಬಿಕೊಂಡು ನೆನೆಯುತ್ತಿತ್ತು. ಚಂಬಣ್ಣ ಮಾತ್ರ ಅತ್ತ ಹೋಗದೆ ಗುರುಗಳ ಮುಂದೆ ಮೊಬೈಲ್ ಹಿಡಿದು ಕುಳಿತಿದ್ದ.

ಮೊಬೈಲಿನಲ್ಲಿ ಎರಡು ಕೈಗಡಿಯಾರಗಳ ಚಿತ್ರವಿತ್ತು. ಎರಡೂ ಸ್ವಿಟ್ಜರ್ಲೆಂಡಿನವು, ಎರಡೂ ಆಟಗಾರರಿಗೆಂದು ಮಾಡಿದವು. ಒಂದರ ಮುಖ ನೀಲಿ, ಇನ್ನೊಂದರದು ಕಪ್ಪು. ವರ್ಷದಿಂದ ಅವು ಅವನ ತಲೆ ತಿನ್ನುತ್ತಿದ್ದವು. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ ಅವನ ಗೊಂದಲವನ್ನು ಹೆಚ್ಚಿಸಿದ್ದರು.

ಗುರುಗಳಿಗೆ ಹೊಸ ವಸ್ತು ಕಂಡರೆ ಮಕ್ಕಳಷ್ಟೇ ಕುತೂಹಲ. ಮೊಬೈಲನ್ನು ಇಸಿದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಎರಡರಾಗೂ ಹತ್ತು ಹೊಡದು ಹತ್ತು ನಿಮಿಷ ಆಗೈತಲ್ಲೋ?"

"ಚಿತ್ರದಾಗ ಹಂಗ ಇಡ್ತಾರ್ರಿ ಅಜ್ಜಾರ. ಚಂದ ಕಾಣ್ತೈತಿ ಅಂತ."

"ಹೌದಾ! ಆಟದ ವಾಚು ಅಂತೀ. ನೀ ಯಾವ ಆಟ ಆಡ್ತಿ?"

ಚಂಬಣ್ಣನಿಗೆ ನಾಚಿಕೆಯಾಯಿತು. "ಆಟ ಏನಿಲ್ರಿ. ಈಜೋರು, ಕಾರ್ ಓಡ್ಸೋರು ಕಟ್ಕೋತಾರ. ಗಟ್ಟಿ ಇರ್ತಾವ ನೋಡ್ರಿ, ಅದಕ್ಕ. ಒಮ್ಮೆ ತಗೊಂಡ್ರ ಆಯುಷ್ಯಪೂರ್ತಿ ಬರೋ ಮಾಲು. ಆರಿಸೋದ್ರಾಗ ತಪ್ಪಬಾರ್ದು."

ಗುರುಗಳು ಮೊಬೈಲನ್ನು ಅವನ ಕೈಗೆ ಕೊಟ್ಟರು. ಯಾವುದೆಂದು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಶೇಂಗಾ ಕೊಂಡು ಮಾರುವುದು ಅವನ ವ್ಯಾಪಾರ. ಎಲೆ ಅಡಿಕೆ ಕೂಡ ಹಾಕದ ಮನುಷ್ಯ. ಅವನಿಗಿದ್ದ ಚಟ ಒಂದೇ, ಬೆಳಗಾಗೆದ್ದು ಊರ ಬಾವಿಯಲ್ಲಿ ಈಜುವುದು. ಅದು ಕಲ್ಲು ಕಟ್ಟಿದ ದೊಡ್ಡ ಬಾವಿ, ಇಳಿಯಲು ಮೆಟ್ಟಿಲುಗಳಿದ್ದವು. ನೀರಿಗೆ ಬಿದ್ದನೆಂದರೆ ಅವನಿಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ಅತ್ತ ಅಂಗಡಿಯ ಬಾಗಿಲಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಇತ್ತ ಮನೆಯಲ್ಲಿ ರೊಟ್ಟಿ ಆರಿತೆಂದು ಹೆಂಡತಿ ಗೊಣಗುತ್ತಿದ್ದಳು.

ಆ ಊರಿನಲ್ಲೊಂದು ಪದ್ಧತಿಯಿತ್ತು. ಮಕ್ಕಳಿಗೆ ಈಜು ಕಲಿಸುವಾಗ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದರು. ಕಲಿಸುವವನು ಮೊದಲು ತಾನು ನೀರಿಗಿಳಿದು, ಎರಡೂ ಕೈ ಚಾಚಿ, ಹಾರು ಎನ್ನಬೇಕು. ಮಗು ಹಾರಬೇಕು. ಮೊದಲ ಸಲ ಯಾರ ಕೈಗೆ ಹಾರಿತೋ ಅವನೇ ಆ ಮಗುವಿಗೆ ಈಜಿನ ಗುರು. ಮಗು ಮೇಲೆ ಬಂದು ಅವನ ಕಾಲು ಮುಟ್ಟಿ, ತನ್ನ ಕೈಯಾರೆ ಬೆಲ್ಲ ಕೊಬ್ಬರಿ ಕೊಡುತ್ತಿತ್ತು. ಆ ಮೇಲೆ ಎಷ್ಟು ದೊಡ್ಡವರಾದರೂ, ಎಲ್ಲಿಗೆ ಹೋದರೂ, ಎದುರಾದಾಗ ಅವನಿಗೆ ಕೈಮುಗಿಯುತ್ತಿದ್ದರು. ಮೊದಲ ಹಾರಿಕೆ ಬದುಕಿನಲ್ಲಿ ಒಂದೇ ಸಲ. ಅದನ್ನು ಇನ್ನೊಮ್ಮೆ ಹಾರಲಾಗುವುದಿಲ್ಲ.

ಓಣಿಯ ಎಷ್ಟೋ ಮಕ್ಕಳಿಗೆ ವರ್ತಕನೇ ಕೈ ಚಾಚಿದ್ದ. ಅವನಿಗೊಬ್ಬಳೇ ಮಗಳು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ, ಇವಳ ಹಾರಿಕೆ ಮಾತ್ರ ನನ್ನ ಕೈಗೆ ಎಂದು. ಬರುವ ಬೇಸಗೆಗೆ ಅವಳ ಸರದಿ ಇತ್ತು.

ಅಷ್ಟರಲ್ಲಿ ಗಡಿಯಾರದ ವಿಚಾರ ಬಂತು. ಹೊತ್ತು ತಿಳಿಯಲೆಂದು ಅವನೊಂದು ಸಾದಾ ಗಡಿಯಾರ ಕಟ್ಟಿಕೊಂಡು ಬಾವಿಗಿಳಿದಿದ್ದ. ಗಾಜಿನೊಳಗೆ ಹಬೆ ಕಟ್ಟಿ ಅದು ವಾರದೊಳಗೆ ಕಣ್ಣು ಮುಚ್ಚಿತು. ನೀರಿಗೆ ಹೆದರದ ಗಡಿಯಾರ ಎಲ್ಲಾದರೂ ಇದ್ದೀತೆ ಎಂದು ವಿಚಾರಿಸಿದ. ಇದೆ, ಸ್ವಿಸ್ ಗಡಿಯಾರ, ದೊಡ್ಡ ಪಟ್ಟಣದಲ್ಲಿ ಸಿಗುತ್ತದೆ ಎಂದರು. ವ್ಯಾಪಾರ ಕೈಹಿಡಿದ ವರ್ಷ ಅದು. ಹೊರಟೇಬಿಟ್ಟ.

ಅಂಗಡಿಯವನು ಕೈಗೆ ಬಿಳಿ ಗವುಸು ಹಾಕಿಕೊಂಡು, ಮಖಮಲ್ಲಿನ ತಟ್ಟೆಯಲ್ಲಿ ಗಡಿಯಾರಗಳನ್ನು ತಂದಿಟ್ಟ. ನಮ್ಮ ವರ್ತಕ ಶೇಂಗಾ ಕೊಳ್ಳುವಾಗ ಚೀಲಕ್ಕೆ ಕೈಹಾಕಿ, ಕಾಯಿ ಒಡೆದು, ಬಾಯಿಗೆ ಹಾಕಿ ನೋಡದೆ ಮಾತಾಡಿದವನಲ್ಲ. ಇಲ್ಲಿ ಒಡೆಯುವ ಹಾಗಿಲ್ಲ, ತಿನ್ನುವ ಹಾಗಿಲ್ಲ. ಆದ್ದರಿಂದ ಕೇಳಿದ. ಕೇಳಿ ಕೇಳಿ ಅಂಗಡಿಯವನ ಬೆವರಿಳಿಸಿದ.

ಮೊದಲನೆಯದು ಕಾರಿನ ಪಂದ್ಯದವರದು. ಒಂದು ಮುಖದೊಳಗೆ ಮತ್ತೆ ಮೂರು ಪುಟ್ಟ ಮುಖಗಳು. ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ವರ್ತಕ ಒತ್ತಿದ, ನಿಲ್ಲಿಸಿದ, ಮತ್ತೆ ಒತ್ತಿದ. ಚೆನ್ನಾಗಿತ್ತು. ಆದರೆ ತಾನು ಓಡಿಸುವುದು ಸ್ಕೂಟರು ಎಂದು ನೆನಪಾಗಿ ಕೆಳಗಿಟ್ಟ. ಎರಡನೆಯದು ವಿಮಾನದವರದು. ಎರಡು ದೇಶದ ಹೊತ್ತನ್ನು ಒಟ್ಟಿಗೆ ತೋರಿಸುತ್ತಿತ್ತು. ಒಂದೂರಿನ ಹೊತ್ತೇ ತನ್ನ ಕೈಗೆ ಸಿಗುತ್ತಿಲ್ಲ, ಇನ್ನೊಂದು ಯಾಕೆ ಎಂದುಕೊಂಡ.

ಮೂರನೆಯದು ಸಮುದ್ರದಲ್ಲಿ ಮುಳುಗುವವರದು. ಗಾಜಿನ ಸುತ್ತ ಹಲ್ಲುಹಲ್ಲಿನ ಒಂದು ಬಳೆಯಿತ್ತು. ವರ್ತಕ ತಿರುಗಿಸಿದ. ಎಡಕ್ಕೆ ಟಕಟಕ ತಿರುಗಿತು. ಬಲಕ್ಕೆ ಜಪ್ಪಯ್ಯ ಎಂದರೂ ತಿರುಗಲಿಲ್ಲ.

"ಇದ್ಯಾಕ ಒಂದ ಕಡೆ ತಿರಗ್ತೈತಿ?"

"ಮುಳುಗೋನು ನೀರಿಗೆ ಇಳಿದ ಹೊತ್ತನ್ನ ಇದರಲ್ಲಿ ಗುರುತು ಇಟ್ಕೋತಾನೆ ಸರ್. ಕೈ ತಾಗಿ ಬಳೆ ಜರುಗಿದ್ರೂ ಬೇಗ ಮೇಲೆ ಬಾ ಅಂತ ತೋರಿಸುತ್ತೆ. ಇನ್ನೂ ಹೊತ್ತಿದೆ ಅಂತ ತೋರಿಸಿಬಿಟ್ರೆ ಅವನ ಜೀವ ಹೋಗುತ್ತಲ್ಲ, ಅದಕ್ಕೆ."

ವರ್ತಕನ ಕಣ್ಣು ಅರಳಿತು. ಯಾರೋ ಕಾಣದ ದೇಶದಲ್ಲಿ ಕುಳಿತು, ಯಾರೋ ಕಾಣದವನ ಉಸಿರಿನ ಬಗ್ಗೆ ಇಷ್ಟು ಯೋಚಿಸಿದ್ದಾರಲ್ಲ! ಅವನಿಗೆ ಆ ಗಡಿಯಾರದ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು. ಅಂಗಡಿಯವನು ಅದನ್ನು ಗಾಜಿನ ಬಟ್ಟಲ ನೀರಿನಲ್ಲಿ ಮುಳುಗಿಸಿಯೂ ತೋರಿಸಿದ. ಮುಳ್ಳು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಈಜುವವನಿಗೆ ಈಜುವವರ ಗಡಿಯಾರ, ಇದರಲ್ಲಿ ಯೋಚಿಸುವುದೇನಿದೆ? ಕೊಂಡ.

ಊರಿಗೆ ಬಂದು ಎಲ್ಲರಿಗೂ ತೋರಿಸಿದ. ಸಮುದ್ರದ ತಳ ಮುಟ್ಟಿ ಬಂದರೂ ಇದಕ್ಕೇನೂ ಆಗುವುದಿಲ್ಲ ಎಂದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಳೆ ಯಾಕೆ ಒಂದೇ ಕಡೆ ತಿರುಗುತ್ತದೆಂದು ವಿವರಿಸಿದ. ಅವಳು ತಿರುಗಿಸಿ ತಿರುಗಿಸಿ ನೋಡಿದಳು.

ಮರುದಿನ ಬೆಳಿಗ್ಗೆ ಗಡಿಯಾರ ಕಟ್ಟಿಕೊಂಡು ಬಾವಿಗೆ ಹೋದ. ಕೊನೆಯ ಮೆಟ್ಟಿಲಲ್ಲಿ ನಿಂತಾಗ ಯಾಕೋ ಕಾಲು ಹಿಂಜರಿಯಿತು. ಬಾವಿಯ ಗೋಡೆ ಒರಟು ಕಲ್ಲಿನದು. ಸಮುದ್ರದ ಮಾತು ಬೇರೆ, ಅಲ್ಲಿ ಗೋಡೆ ಎಲ್ಲಿದೆ? ಇಲ್ಲಿ ಕೈ ಬೀಸಿದರೆ ಗಾಜಿಗೆ ಗೀರು ಬಿದ್ದೀತು. ನೀರೂ ಅಷ್ಟೆ. ಸಮುದ್ರದ್ದು ಉಪ್ಪು ನೀರು, ಇದು ಸಿಹಿನೀರು. ಸಿಹಿನೀರಿನ ವಿಷಯ ಅಂಗಡಿಯವನನ್ನು ಕೇಳಿಕೊಳ್ಳಲಿಲ್ಲವಲ್ಲ ಎನ್ನಿಸಿತು. ಬಟ್ಟಲಲ್ಲಿ ಮುಳುಗಿಸಿದ್ದು ಸಿಹಿನೀರೇ ಎಂಬುದು ಆಗ ಅವನಿಗೆ ಹೊಳೆಯಲಿಲ್ಲ. ಪ್ರೀತಿ ಇರುವಲ್ಲಿ ಬುದ್ಧಿ ಸ್ವಲ್ಪ ತಡವಾಗಿ ಬರುತ್ತದೆ.

ಕಳಚಿ ಮೆಟ್ಟಿಲ ಮೇಲಿಟ್ಟರೆ ಯಾರಾದರೂ ಒದ್ದಾರು. ಮನೆಯಲ್ಲಿ ಬಿಟ್ಟು ಬಂದರೆ, ನೀರಿನ ಗಡಿಯಾರ ಎಲ್ಲಪ್ಪಾ ಎಂದು ಊರವರು ನಕ್ಕಾರು. ಕೊನೆಗೊಂದು ಉಪಾಯ ಮಾಡಿದ. ನೀರಿಗಿಳಿದು, ಎಡಗೈಯನ್ನು ಮೇಲೆತ್ತಿ, ಬಲಗೈ ಒಂದರಲ್ಲೇ ಈಜಿದ. ಮೆಟ್ಟಿಲ ಮೇಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. ಬರಬರುತ್ತಾ ಅವರಿಗೂ ಅದು ಮಾಮೂಲಾಯಿತು, ಅವನಿಗೂ ರೂಢಿಯಾಯಿತು. ಮೊದಲಿನಂತೆ ಮುಳುಗುವುದಿಲ್ಲ, ಮೊದಲಿನಂತೆ ಅಂಗಾತ ಮಲಗಿ ತೇಲುವುದಿಲ್ಲ. ಬೇಗ ದಣಿದು ಬೇಗ ಮೇಲೆ ಬರುತ್ತಿದ್ದ. ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯತೊಡಗಿತು. ಗಡಿಯಾರದಿಂದ ಎಷ್ಟು ಉಪಕಾರವಾಯಿತು ಎಂದುಕೊಂಡ.

ಬೇಸಗೆ ಬಂತು. ಮಗಳ ಬೆನ್ನಿಗೆ ಸೋರೆಬುರುಡೆ ಕಟ್ಟಿದರು. ಅವಳ ತಾಯಿ ಬೆಲ್ಲ ಕೊಬ್ಬರಿಯ ತಟ್ಟೆ ಹಿಡಿದು ಮೇಲೆ ನಿಂತಳು. ಅವತ್ತು ಇನ್ನೂ ಕೆಲವು ಮಕ್ಕಳ ಹಾರಿಕೆ ಇತ್ತು. ಅವರಿಗಾಗಿ ಓಣಿಯ ಒಬ್ಬ ಬಳೆಗಾರ ನೀರಿಗಿಳಿದಿದ್ದ. ವರ್ತಕನೂ ಇಳಿದ. ಬಲಗೈ ಚಾಚಿದ. ಎಡಗೈ ಎಂದಿನಂತೆ ಮೇಲಿತ್ತು.

ಮಗಳು ಮೆಟ್ಟಿಲ ಅಂಚಿಗೆ ಬಂದಳು. ಕೆಳಗೆ ಹಸಿರು ನೀರು. ಅವಳು ಸೋರೆಬುರುಡೆಯ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾರವ್ವಾ," ಎಂದ ವರ್ತಕ.

"ಎರಡೂ ಕೈ ಚಾಚಪ್ಪಾ."

"ಒಂದ ಸಾಕವ್ವಾ, ಹಿಡೀತೀನಿ. ಇನ್ನೊಂದ್ರಾಗ ವಾಚು ಐತಲ್ಲ."

ಮಗಳು ಗಡಿಯಾರವನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅವಳಿಗೆ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

"ಅದು ನೀರಿನ ವಾಚು ಅಂದಿದ್ಯಲ್ಲಪ್ಪಾ?"

ವರ್ತಕ ತಲೆಯೆತ್ತಿ ತನ್ನ ಎಡಗೈಯನ್ನು ನೋಡಿದ. ಅದನ್ನು ಇಳಿಸಬೇಕೆಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಸುಳ್ಳಲ್ಲ. ಆದರೆ ಅಷ್ಟು ದಿನ ಮೇಲೆ ನಿಂತು ರೂಢಿಯಾದ ಕೈ, ಮನಸ್ಸು ಹೇಳಿದ ಕೂಡಲೇ ಇಳಿಯಲಿಲ್ಲ. ಮಗಳ ಕಾಲಲ್ಲಿ ಬೆಳ್ಳಿಯ ಗೆಜ್ಜೆಯಿತ್ತು. ಹಾರಿದಾಗ ಅದು ಗಾಜಿಗೆ ತಾಗಿದರೆ ಎಂಬ ಯೋಚನೆಯೂ ಒಮ್ಮೆ ಸುಳಿದು ಹೋಯಿತು. ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ಅವಳ ಕಣ್ಣು ಪಕ್ಕಕ್ಕೆ ಹೊರಳಿತು. ಅಲ್ಲಿ ಬಳೆಗಾರ ಎರಡೂ ಕೈ ಚಾಚಿಕೊಂಡು ನಿಂತಿದ್ದ, ಇನ್ನೊಂದು ಮಗುವಿಗಾಗಿ. ಅವಳು ಕಣ್ಣು ಮುಚ್ಚಿ ಆ ಕೈಗಳಿಗೆ ಹಾರಿದಳು.

ಬಾವಿಯ ನೀರು ಎದ್ದು ವರ್ತಕನ ಮೇಲೆ ಅಪ್ಪಳಿಸಿತು. ತಲೆ, ಮುಖ, ಎತ್ತಿ ಹಿಡಿದ ಕೈ, ಗಡಿಯಾರ, ಎಲ್ಲವೂ ತೊಯ್ದು ತೊಪ್ಪೆಯಾದವು.

ಮಗಳು ಬಳೆಗಾರನ ಕೊರಳು ಹಿಡಿದುಕೊಂಡು ಕೇಕೆ ಹಾಕುತ್ತಿದ್ದಳು. ಹೆದರಿಕೆ ಹೋಗಿತ್ತು. ಮೇಲೆ ಬಂದು ಅವನ ಕಾಲು ಮುಟ್ಟಿದಳು. ತಾಯಿಯ ತಟ್ಟೆಯಿಂದ ಬೆಲ್ಲ ಕೊಬ್ಬರಿ ತೆಗೆದು ಅವನ ಕೈಗಿಟ್ಟಳು. ಬಳೆಗಾರನಿಗೆ ಸಂಕೋಚ. ಅವನು ವರ್ತಕನ ಮುಖ ನೋಡಲಾರದೆ ತಲೆ ತಗ್ಗಿಸಿ ಇಸಿದುಕೊಂಡ. ಉಳಿದದ್ದನ್ನು ಅವಳು ಸುತ್ತ ನಿಂತವರಿಗೆಲ್ಲ ಹಂಚಿದಳು. ಅಪ್ಪನಿಗೂ ಒಂದು ಚೂರು ಕೊಟ್ಟಳು.

ವರ್ತಕ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಅಂಗೈಯಲ್ಲಿ ಬೆಲ್ಲ ಹಿಡಿದುಕೊಂಡು, ಎಡಗೈಯನ್ನು ಕಿವಿಯ ಹತ್ತಿರ ತಂದ. ಅಷ್ಟು ನೀರು ಕುಡಿದ ಗಡಿಯಾರ ನಿಂತಿರಬೇಕು ಎಂದುಕೊಂಡಿದ್ದ. ನಿಂತಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚಂಬಣ್ಣನ ಕೈಯಲ್ಲಿ ಮೊಬೈಲಿನ ದೀಪ ಯಾವಾಗಲೋ ಆರಿತ್ತು. ಅವನಿಗೆ ಆ ಹುಡುಗಿಯ ಮೇಲೆ ಮರುಕ ಬರಲಿಲ್ಲ, ಅವಳಿಗೇನು, ಈಜು ಕಲಿತಳು. ಮೆಟ್ಟಿಲ ಮೇಲೆ ಕುಳಿತವನ ಮೇಲೆ ಬಂತು.

"ಅಂದ್ರ ಅವ ಬ್ಯಾರೆ ವಾಚು ಆರಿಸಬೇಕಿತ್ತು ಅಂತೀರೇನ್ರಿ ಅಜ್ಜಾರ? ಇಲ್ಲಾ, ಕೊಳ್ಳೋದ ತಪ್ಪೇನ್ರಿ?"

"ಕೊಂಡದ್ದೂ ತಪ್ಪಲ್ಲ, ಆರಿಸಿದ್ದೂ ತಪ್ಪಲ್ಲ. ಪಾಪ, ಭಾಳ ಚಲೋ ಆರಿಸಿದ್ದ."

"ಹಂಗಾರ ನಾ ಯಾವ್ದು ತಗೋಳ್ಲಿ, ನೀಲಿದೋ, ಕರೇದೋ?"

ಗುರುಗಳು ಹಿತ್ತಲ ಕಡೆ ನೋಡಿದರು. ಕೊಪ್ಪರಿಗೆಯ ಅಂಚಿಗೆ ಸಾರಿನ ಜಿಡ್ಡು ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಬೂದಿ, ತೆಂಗಿನ ನಾರು.

"ಯಾವ್ದು ಕಟ್ಕೊಂಡು ಆ ಕೊಪ್ಪರಿಗ್ಯಾಗ ಎರಡೂ ಕೈ ಹಾಕ್ತೀಯೋ, ಅದನ್ನ ತಗೋ ತಮ್ಮಾ."