ಕೆಂಚಿಗೆ ಬುಟ್ಟಿ ಬೇಕು

ಬನ್ರೋ, ಬನ್ರೇ, ಹತ್ತಿರ ಬನ್ನಿ. ತಳ್ಳಾಡಬೇಡಿ, ಎಲ್ಲರಿಗೂ ಜಾಗ ಇದೆ. ಕೆಂಚಿ ಅನ್ನೋ ಕೋಳಿಗೆ ಏನಾಯ್ತು, ಕೇಳಿ.

ಪುಟ್ಟಸಿದ್ದಮ್ಮಜ್ಜಿ ಮನೇಲಿ ಒಂದು ಕೋಳಿ ಇತ್ತು. ಕೆಂಪು ಕೋಳಿ. ಅದೇ ಕೆಂಚಿ. ಕೆಂಚಿಗೆ ಒಂದು ಬುಟ್ಟಿ ಇತ್ತು. ಬಿದಿರಿನ ಬುಟ್ಟಿ. ಒಳಗೆ ಮೆತ್ತನೆ ಹುಲ್ಲು. ಕೆಂಚಿ ಅದರಲ್ಲೇ ಮೊಟ್ಟೆ ಇಡೋಳು. ಬೇರೆ ಎಲ್ಲೂ ಇಡೋಳಲ್ಲ. ಒಂದು ಸಲ ನೆಲದ ಮೇಲೆ ಇಟ್ಟಿದ್ದಳು. ಕಾಗೆ ಬಂತು. ಕುಕ್ಕಿತು. ಕುಡೀತು. ಹಾರಿಹೋಯ್ತು. ಅವತ್ತು ಕೆಂಚಿ ಅತ್ತಿದ್ದೇ ಅತ್ತಿದ್ದು.

ಯುಗಾದಿ ಹತ್ತಿರ ಬಂತು. ಅಜ್ಜಿ ಸೆರಗು ಸಿಕ್ಕಿಸಿದಳು. ಎಲ್ಲರನ್ನೂ ಕರೆದಳು.

"ಹಬ್ಬ ಬಂತು. ಮನೆ ನೋಡಿ, ಹೇಗಿದೆ! ಸುಮ್ಮನೆ ನುಗ್ಗಬೇಡಿ. ಹೇಳಿದ ಹಾಗೆ ಮಾಡಿ. ಮೊದಲು ಜೇಡರ ಬಲೆ. ಆಮೇಲೆ ಸುಣ್ಣ. ಆಮೇಲೆ ನೆಲ. ಆಮೇಲೆ ಮಂಚ. ಆಮೇಲೆ ಕೌದಿ. ಒಂದು ಮುಗೀದೆ ಇನ್ನೊಂದಕ್ಕೆ ಕೈ ಹಾಕೋ ಹಾಗಿಲ್ಲ!"

"ಹೂಂ" ಅಂದ್ರು ಎಲ್ಲ.

ಮಂಚ ಹೊರಗೆ ಬಂತು. ಮಡಕೆ ಹೊರಗೆ ಬಂತು. ಒನಕೆ ಹೊರಗೆ ಬಂತು. ಕೌದಿ ಎಲ್ಲ ಹೊರಗೆ ಬಂತು. ಬುಟ್ಟಿಯೂ ಹೊರಗೆ ಬಂತು. ಅಂಗಳ ತುಂಬಿತು, ಮನೆ ಖಾಲಿ ಆಯ್ತು.

ಆಗ ಕೆಂಚಿಗೆ ಹೊಟ್ಟೆಯೊಳಗೆ ಗುಡುಗುಡು ಅಂತು. ಮೊಟ್ಟೆ! ಕೆಂಚಿ ಓಡಿದಳು. ಮೂಲೆಗೆ ಹೋದಳು. ಮೂಲೆ ಇತ್ತು. ಬುಟ್ಟಿ ಇರಲಿಲ್ಲ!

ಕೆಂಚಿ ಅಜ್ಜಿ ಹತ್ತಿರ ಓಡಿದಳು.

"ಅಜ್ಜಿ ಅಜ್ಜಿ, ನನ್ನ ಬುಟ್ಟಿ ಎಲ್ಲಿ?
ಬುಟ್ಟಿ ಸಿಗದೆ ಮೊಟ್ಟೆ ಇಡೋಲ್ಲ.
ಮೊಟ್ಟೆ ಬರ್ತಿದೆ, ಬೇಗ ಬೇಗ! ಕೊಕ್ಕೊಕ್ಕೋ!"

ಅಜ್ಜಿ ಕೆನ್ನೆ ಮೇಲೆ ಕೈ ಇಟ್ಟಳು. "ಅಯ್ಯೋ ಕೂಸೇ! ಬುಟ್ಟಿ ಮಗುಚಿ ಹಾಕಿ, ಅದರ ಮೇಲೆ ಕೌದಿ ಪೇರಿಸಿಬಿಟ್ಟೆನಲ್ಲ! ಒಗೆದ ಕೌದಿ. ತೆಗೆದರೆ ಮಣ್ಣಿಗೆ ಬೀಳುತ್ತೆ. ಮಂಚ ಜೋಡಿಸಿದರೆ ಎತ್ತಿ ಅದರ ಮೇಲೆ ಇಡ್ತೀನಿ. ತಾತನ್ನ ಕೇಳು."

ಕೆಂಚಿ ತಾತನ ಹತ್ತಿರ ಓಡಿದಳು. ತಾತ ಮಂಚದ ಕಾಲಿಗೆ ಬಿಸಿನೀರು ಹುಯ್ಯುತ್ತಿದ್ದ. ತಿಗಣೆ ಹೋಗಲಿ ಅಂತ.

"ತಾತ ತಾತ, ಮಂಚ ಜೋಡಿಸು!
ಮಂಚ ಜೋಡಿಸದೆ ಕೌದಿ ಎತ್ತೋಲ್ಲ.
ಕೌದಿ ಎತ್ತದೆ ಬುಟ್ಟಿ ಸಿಗೋಲ್ಲ.
ಬುಟ್ಟಿ ಸಿಗದೆ ಮೊಟ್ಟೆ ಇಡೋಲ್ಲ.
ಮೊಟ್ಟೆ ಬರ್ತಿದೆ, ಬೇಗ ಬೇಗ! ಕೊಕ್ಕೊಕ್ಕೋ!"

ತಾತ ನಕ್ಕ. "ಜೋಡಿಸಿದ ಮಂಚ ಬಾಗಿಲಲ್ಲಿ ತೂರೋಲ್ಲ ಕಣವ್ವ. ಒಳಗೇ ಜೋಡಿಸಬೇಕು. ನೆಲ ಸಾರಿಸದೆ ಒಳಗೆ ಹೋದರೆ ನಿಮ್ಮ ದೊಡ್ಡಮ್ಮ ನನ್ನನ್ನೇ ಸಾರಿಸಿಬಿಡ್ತಾಳೆ. ಅವಳನ್ನ ಕೇಳು."

ಕೆಂಚಿ ಹೊನ್ನಮ್ಮ ದೊಡ್ಡಮ್ಮನ ಹತ್ತಿರ ಓಡಿದಳು. ದೊಡ್ಡಮ್ಮ ಸಗಣಿ ಕಲಸಿಕೊಂಡು ಕೂತಿದ್ದಳು.

"ದೊಡ್ಡಮ್ಮ ದೊಡ್ಡಮ್ಮ, ನೆಲ ಸಾರಿಸು!
ನೆಲ ಸಾರಿಸದೆ ಮಂಚ ಜೋಡಿಸೋಲ್ಲ.
ಮಂಚ ಜೋಡಿಸದೆ ಕೌದಿ ಎತ್ತೋಲ್ಲ.
ಕೌದಿ ಎತ್ತದೆ ಬುಟ್ಟಿ ಸಿಗೋಲ್ಲ.
ಬುಟ್ಟಿ ಸಿಗದೆ ಮೊಟ್ಟೆ ಇಡೋಲ್ಲ.
ಮೊಟ್ಟೆ ಬರ್ತಿದೆ, ಬೇಗ ಬೇಗ! ಕೊಕ್ಕೊಕ್ಕೋ!"

"ನಾನೇನು ಬೇಡ ಅಂದೆನಾ?" ಅಂದಳು ದೊಡ್ಡಮ್ಮ. "ಸುಣ್ಣ ಬಳಿಯೋಕೆ ಮುಂಚೆ ಸಾರಿಸಿದರೆ ನೆಲದ ತುಂಬಾ ಸುಣ್ಣದ ಹನಿ! ಯಾರು ಮತ್ತೆ ಸಾರಿಸೋದು? ನಿಮ್ಮ ಚಿಕ್ಕಪ್ಪನ್ನ ಕೇಳು, ಹೋಗು."

ಕೆಂಚಿ ಮರಿಯಪ್ಪ ಚಿಕ್ಕಪ್ಪನ ಹತ್ತಿರ ಓಡಿದಳು. ಚಿಕ್ಕಪ್ಪ ತಲೆಗೆ ಟವೆಲ್ ಸುತ್ತಿದ್ದ. ಮೂಗಿನ ತುದಿ ಆಗಲೇ ಬೆಳ್ಳಗಿತ್ತು.

"ಚಿಕ್ಕಪ್ಪ ಚಿಕ್ಕಪ್ಪ, ಸುಣ್ಣ ಬಳಿ!
ಸುಣ್ಣ ಬಳಿಯದೆ ನೆಲ ಸಾರಿಸೋಲ್ಲ.
ನೆಲ ಸಾರಿಸದೆ ಮಂಚ ಜೋಡಿಸೋಲ್ಲ.
ಮಂಚ ಜೋಡಿಸದೆ ಕೌದಿ ಎತ್ತೋಲ್ಲ.
ಕೌದಿ ಎತ್ತದೆ ಬುಟ್ಟಿ ಸಿಗೋಲ್ಲ.
ಬುಟ್ಟಿ ಸಿಗದೆ ಮೊಟ್ಟೆ ಇಡೋಲ್ಲ.
ಮೊಟ್ಟೆ ಬರ್ತಿದೆ, ಬೇಗ ಬೇಗ! ಕೊಕ್ಕೊಕ್ಕೋ!"

"ನಾನು ರೆಡಿ!" ಅಂದ ಚಿಕ್ಕಪ್ಪ. "ಆದರೆ ಮೂಲೇಲಿ ಬಲೆ ಹಾಗೇ ಇದೆ. ಬಲೆ ಮೇಲೆ ಸುಣ್ಣ ಬಳಿದರೆ ಗೋಡೆಗೆ ಗಡ್ಡ ಬರುತ್ತೆ. ಅತ್ತೇನ ಕೇಳು."

ಕೆಂಚಿ ಜವರಮ್ಮ ಅತ್ತೆ ಹತ್ತಿರ ಓಡಿದಳು. ಓಡಿದಳಾ? ಇಲ್ಲ, ಈಗ ಓಡೋಕಾಗಲಿಲ್ಲ. ಕಾಲು ಅಗಲಿಸಿ ಅಗಲಿಸಿ ನಡೆದಳು. ಅತ್ತೆ ಉದ್ದನೆ ಗಳಕ್ಕೆ ಪೊರಕೆ ಕಟ್ಟಿಕೊಂಡು ನಿಂತಿದ್ದಳು. ಸುಮ್ಮನೆ ನಿಂತಿದ್ದಳು.

"ಅತ್ತೆ ಅತ್ತೆ, ಬಲೆ ತೆಗಿ!
ಬಲೆ ತೆಗೆಯದೆ ಸುಣ್ಣ ಬಳಿಯೋಲ್ಲ.
ಸುಣ್ಣ ಬಳಿಯದೆ ನೆಲ ಸಾರಿಸೋಲ್ಲ.
ನೆಲ ಸಾರಿಸದೆ ಮಂಚ ಜೋಡಿಸೋಲ್ಲ.
ಮಂಚ ಜೋಡಿಸದೆ ಕೌದಿ ಎತ್ತೋಲ್ಲ.
ಕೌದಿ ಎತ್ತದೆ ಬುಟ್ಟಿ ಸಿಗೋಲ್ಲ.
ಬುಟ್ಟಿ ಸಿಗದೆ ಮೊಟ್ಟೆ ಇಡೋಲ್ಲ.
ಮೊಟ್ಟೆ ಬರ್ತಿದೆ, ಬೇಗ ಬೇಗ! ಕೊಕ್ಕೊಕ್ಕೋ!"

ಅತ್ತೆ ಮೇಲೆ ನೋಡಿದಳು. "ಹೇಗೆ ತೆಗೀಲೇ? ಬಲೇಲಿ ಜೇಡ ಇದೆ. ಬಾಣಂತಿ ಥರ ಕೂತಿದೆ. ಪೊರಕೆ ಎತ್ತೋಕೆ ಕೈಯೇ ಬರೋಲ್ಲ. ಹೋಗು ಅಂದೆ, ಹೋಗಲಿಲ್ಲ. ನೀನೇ ಕೇಳು."

ಕೆಂಚಿ ಕತ್ತು ಉದ್ದ ಮಾಡಿದಳು.

"ಜೇಡಮ್ಮ ಜೇಡಮ್ಮ, ಕೆಳಗೆ ಬಾ!
ನೀನು ಹೋಗದೆ ಬಲೆ ತೆಗೆಯೋಲ್ಲ.
ಬಲೆ ತೆಗೆಯದೆ ಸುಣ್ಣ ಬಳಿಯೋಲ್ಲ.
ಸುಣ್ಣ ಬಳಿಯದೆ ನೆಲ ಸಾರಿಸೋಲ್ಲ.
ನೆಲ ಸಾರಿಸದೆ ಮಂಚ ಜೋಡಿಸೋಲ್ಲ.
ಮಂಚ ಜೋಡಿಸದೆ ಕೌದಿ ಎತ್ತೋಲ್ಲ.
ಕೌದಿ ಎತ್ತದೆ ಬುಟ್ಟಿ ಸಿಗೋಲ್ಲ.
ಬುಟ್ಟಿ ಸಿಗದೆ ಮೊಟ್ಟೆ ಇಡೋಲ್ಲ.
ಮೊಟ್ಟೆ ಬರ್ತಿದೆ, ಬೇಗ ಬೇಗ! ಕೊಕ್ಕೊಕ್ಕೋ!"

"ಬರೋಲ್ಲ" ಅಂತು ಜೇಡ. ಸಣ್ಣ ದನಿ. "ನನ್ನ ಹತ್ತಿರ ಚೀಲ ಇದೆ. ಚೀಲದ ತುಂಬಾ ಮೊಟ್ಟೆ ಇದೆ."

"ನಿನಗೂ ಮೊಟ್ಟೆಯಾ?" ಅಂದಳು ಕೆಂಚಿ.

"ಹೂಂ. ಹಿತ್ತಲ ಹಲಸಿನ ಮರದಲ್ಲಿ ಒಂದು ಪೊಟರೆ ಇದೆ. ಅಲ್ಲಿಗೆ ಹೋಗಬೇಕು ಅಂತಲೇ ನನಗೂ ಆಸೆ. ಆದರೆ ಅಂಗಳ ದಾಟಬೇಕು. ಅಂಗಳದಲ್ಲಿ ಕೋಳಿ ಇದೆ. ಕುಟುಕಿ ತಿನ್ನುತ್ತೆ."

"ಯಾವ ಕೋಳಿ? ಯಾವ ಕೋಳಿ ಅದು? ತೋರಿಸು!"

"ನೀನೇ" ಅಂತು ಜೇಡ.

ಕೆಂಚಿ ಕತ್ತು ಇಳಿಸಿದಳು. ಒಂದು ಕಾಲು ಎತ್ತಿದಳು. ಇಳಿಸಿದಳು. ಇನ್ನೊಂದು ಕಾಲು ಎತ್ತಿದಳು. ಹೌದಲ್ಲ! ನಿನ್ನೆ ಒಂದು ಜೇಡ ತಿಂದಿದ್ದಳು. ಮೊನ್ನೆಯೂ ತಿಂದಿದ್ದಳು. ಆಗ ಅವಳಿಗೆ ಕಾಗೆ ನೆನಪಾಯ್ತು. ಅವಳ ಮೊಟ್ಟೆ ಕುಡಿದ ಕಾಗೆ. ಕೆಂಚಿಗೆ ಹೇಗೋ ಆಯ್ತು.

"ಜೇಡಮ್ಮ, ನಿನ್ನನ್ನ ಕುಟುಕೋಲ್ಲ. ನನ್ನ ಮೊಟ್ಟೆ ಮೇಲೆ ಆಣೆ. ನನ್ನ ಬೆನ್ನು ಹತ್ತು. ನಾನೇ ಕರಕೊಂಡು ಹೋಗ್ತೀನಿ."

ಜೇಡ ಯೋಚಿಸಿತು. ಕೆಂಚಿಯನ್ನ ನೋಡಿತು. ಕೊಕ್ಕು ನೋಡಿತು. ಚೀಲ ಅಪ್ಪಿಕೊಂಡಿತು. ಮೆಲ್ಲಗೆ ನೂಲು ಬಿಟ್ಟಿತು. ಇಳೀತು, ಇಳೀತು, ಕೆಂಚಿ ಬೆನ್ನ ಮೇಲೆ ಕೂತಿತು.

ಕೆಂಚಿ ನಡೆದಳು. ಎಂಟು ಕಾಲು ಬೆನ್ನ ಮೇಲೆ! ಕಚಗುಳಿ ಕಚಗುಳಿ! ಕೊಕ್ಕು ತುರಿಸಿತು. ಕೆಂಚಿ ಕೊಕ್ಕು ಬಿಗಿ ಹಿಡಿದಳು. ಹೊಟ್ಟೆ ಗುಡುಗುಡು ಅಂತು. ಕೆಂಚಿ ಹೊಟ್ಟೆಯನ್ನೂ ಬಿಗಿ ಹಿಡಿದಳು. ಅಂಗಳ ದಾಟಿದಳು. ಹಿತ್ತಲಿಗೆ ಬಂದಳು. ಜೇಡ ಮರ ಹತ್ತಿತು. ಪೊಟರೆ ಸೇರಿತು.

"ಹೋಗು ತಾಯಿ, ನಿನ್ನ ಬುಟ್ಟಿ ಬೇಗ ಸಿಗಲಿ!" ಅಂತು.

ಆಮೇಲೆ ನೋಡಿ!

ಜೇಡ ಹೋಯ್ತು, ಅತ್ತೆ ಬಲೆ ತೆಗೆದಳು. ಸರಸರ ಸರಸರ.
ಬಲೆ ಹೋಯ್ತು, ಚಿಕ್ಕಪ್ಪ ಸುಣ್ಣ ಬಳಿದ. ಚಪ್ ಚಪ್, ಚಪ್ ಚಪ್.
ಸುಣ್ಣ ಆಯ್ತು, ದೊಡ್ಡಮ್ಮ ನೆಲ ಸಾರಿಸಿದಳು. ಸುಯ್ ಸುಯ್, ಸುಯ್ ಸುಯ್.

ನೆಲ ಒಣಗಬೇಕಲ್ಲ! ಕೆಂಚಿ ಬಾಗಿಲಲ್ಲಿ ಕುಣಿದಳು. "ಬೇಗ ಬೇಗ! ಕೊಕ್ಕೊಕ್ಕೋ!" ದೊಡ್ಡಮ್ಮ ಮೊರ ತಂದು ಬೀಸಿದಳು. ಅತ್ತೆ ಸೆರಗು ಬೀಸಿದಳು. ಚಿಕ್ಕಪ್ಪ ಟವೆಲ್ ಬೀಸಿದ. ತಾತ ಬಗ್ಗಿ ಬಾಯಲ್ಲೇ ಊದಿದ, ಫೂ! ಕೆಂಚಿ ರೆಕ್ಕೆ ಬಡಿದಳು, ಪಟಪಟ ಪಟಪಟ.

ನೆಲ ಒಣಗಿತು, ತಾತ ಮಂಚ ಜೋಡಿಸಿದ. ಟಕ್ ಟಕ್, ಟಕ್ ಟಕ್.
ಮಂಚ ಆಯ್ತು, ಅಜ್ಜಿ ಕೌದಿ ಎತ್ತಿದಳು. ಒಂದರ ಮೇಲೊಂದು, ಒಂದರ ಮೇಲೊಂದು.
ಕೌದಿ ಹೋಯ್ತು, ಬುಟ್ಟಿ ಸಿಕ್ಕಿತು!

ಅಜ್ಜಿ ಬುಟ್ಟಿ ಕೊಡವಿದಳು. ಹೊಸ ಹುಲ್ಲು ಹಾಕಿದಳು. ಬೆಳ್ಳನೆ ಗೋಡೆ ಪಕ್ಕ ಇಟ್ಟಳು. ಕೆಂಚಿ ಒಂದೇ ನೆಗೆತಕ್ಕೆ ಒಳಗೆ ಕೂತಳು. ಕಣ್ಣು ಮುಚ್ಚಿದಳು.

ಎಲ್ಲರೂ ಬಾಗಿಲಾಚೆ ಉಸಿರು ಹಿಡಿದು ನಿಂತರು.

ಪುಳಕ್!

ಮೊಟ್ಟೆ ಬಂತು. ಬಿಸಿ ಬಿಸಿ ಮೊಟ್ಟೆ. ಗುಂಡು ಗುಂಡು ಮೊಟ್ಟೆ.

ಅಜ್ಜಿ ಚಪ್ಪಾಳೆ ತಟ್ಟಿದಳು. ಎಲ್ಲರೂ ನೋಡೋಕೆ ನುಗ್ಗಿದರು. ಕೆಂಚಿ ಕತ್ತು ಎತ್ತಿ ಗದರಿದಳು.

"ಕೊಕ್ಕೊಕ್ಕೋ! ಈಗ ತಾನೇ ಸಾರಿಸಿದ ನೆಲ! ಕಾಲು ತೊಳ್ಕೊಂಡು ಬನ್ನಿ!"

ಎಲ್ಲರೂ ಕಾಲು ತೊಳೆಯೋಕೆ ಓಡಿದರು. ತಾತ ಎಲ್ಲರಿಗಿಂತ ಮುಂದೆ ಓಡಿದ.

ಮೊಟ್ಟೆ ಬುಟ್ಟಿಗೆ, ಹಬ್ಬ ಮನೆಗೆ, ಕಥೆ ನಿಮಗೆ.