ಸೀಬಯ್ಯನ ವಾಲ್ವು ಪರೀಕ್ಷೆ

ಅಂಚೆ ಆಫೀಸಿನ ಗುಮಾಸ್ತ ಸೀಬಯ್ಯನಿಗೆ ಕುಕ್ಕರ್ ಕೂಗಿದ್ದಕ್ಕೂ ಬಾಗಿಲ ಬೆಲ್ ಹೊಡೆದದ್ದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಂಥವನಿಗೆ ಅಪ್ಪನ ಹಳೆಯ ರೆಕಾರ್ಡುಗಳನ್ನು ವಾಲ್ವಿನ ಪ್ರೀಆಂಪ್ ಎಂಬ ಹಳೇ ಕಾಲದ ಧ್ವನಿವರ್ಧಕ ಪೆಟ್ಟಿಗೆ ಹಾಕಿಯೇ ಕೇಳಬೇಕೆಂಬ ಹುಚ್ಚು ಹಿಡಿಯಿತು. ಮೈಸೂರಿನ ಅಳಸಿಂಗಾಚಾರ್ರು ತಮ್ಮದನ್ನು ಮಾರುತ್ತಾರೆಂದು ಕೇಳಿ ಓಡಿದ.

ಆಚಾರ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕಿವಿ ಇದ್ದವರಿಗೆ ಮಾತ್ರ ಕೊಡ್ತೀನಿ ಕಣಯ್ಯ. ಪರದೆ ಹಿಂದೆ ಎರಡು ಪೆಟ್ಟಿಗೆ ಇವೆ. ಒಂದು ವಾಲ್ವಿನದು, ಇನ್ನೊಂದು ಟ್ರಾನ್ಸಿಸ್ಟರಿನದು. ಸ್ವಿಚ್ಚು ನನ್ನ ಕೈಲಿ. ಯಾವುದು ಹಾಡ್ತಿದೆ ಅಂತ ಐದು ಸಲ ಸರಿಯಾಗಿ ಹೇಳಿದರೆ ಪೆಟ್ಟಿಗೆ ನಿನ್ನದು. ಒಂದು ತಪ್ಪಿದರೂ ಬಂದ ದಾರಿ ಹಿಡಿ."

ಪಿಟೀಲು ಶುರುವಾಯಿತು. ಸೀಬಯ್ಯನಿಗೆ ಎರಡೂ ಒಂದೇ ಪಿಟೀಲು. ಆದರೆ ರಾಮನವಮಿ ಸಂಗೀತಕ್ಕೆ ಇಪ್ಪತ್ತು ವರ್ಷ ತಪ್ಪದೆ ಹೋದವನು, ಹೆದರಲಿಲ್ಲ.

"ಇದು ವಾಲ್ವು," ಎಂದ. "ಇದಲ್ಲ," ಎಂದ. ಐದಕ್ಕೆ ಐದೂ ಸರಿ.

ಆಚಾರ್ರ ಕಣ್ಣು ತುಂಬಿ ಬಂತು. "ಪೆಟ್ಟಿಗೆ ನಿನ್ನದೇ ಕಣಯ್ಯ! ಎಂಥಾ ಕಿವಿ! ಹೇಗೆ ಹಿಡಿದೆ?"

"ನನಗೆಲ್ಲಿಯ ಕಿವಿ, ಸ್ವಾಮಿ? ರಾಮನವಮೀಲಿ ಮುಂದಿನ ಸಾಲಿನವರು ತಲೆದೂಗಿದಾಗ ನಾನೂ ದೂಗೋದು, ಅಷ್ಟೆ. ಇಲ್ಲೂ ವಾಲ್ವು ಹಾಡಿದಾಗಲೆಲ್ಲ ನೀವು ಕಣ್ಣು ಮುಚ್ಚಿ ತಲೆದೂಗಿದಿರಿ."

ದೂಗುತ್ತಿದ್ದ ತಲೆ ಅಲ್ಲೇ ನಿಂತಿತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಆಚಾರ್ರು ಪೆಟ್ಟಿಗೆ ಕೊಟ್ಟರು.

ಮನೆಗೆ ತಂದು ರೆಕಾರ್ಡು ಹಾಕಿದ. ಹೆಂಡತಿ ಪಕ್ಕದಲ್ಲಿ ಬಂದು ಕೂತಳು. "ಈಗೇನಾದರೂ ವ್ಯತ್ಯಾಸ ಗೊತ್ತಾಗುತ್ತಾ?"

ಸೀಬಯ್ಯ ಅಭ್ಯಾಸಬಲದಿಂದ ಮುಂದಕ್ಕೆ ನೋಡಿದ. ಮುಂದೆ ಬರೀ ಗೋಡೆ ಇತ್ತು.

"ಪೆಟ್ಟಿಗೆ ಜೊತೆಗೆ ಆಚಾರ್ರನ್ನೂ ಕೇಳಿ ತರಬೇಕಿತ್ತು ಕಣೇ," ಎಂದ.